ಬಸ್ಸಿನ ಹೊತ್ತು ಕೇಳಿ ಒಳಗೆ ಕರೆಯುತ್ತಿದ್ದವರು

ನಮ್ಮ ಮೇಡಂ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಯಾರ ಮದುವೆಗೂ ಹೋಗುತ್ತಿರಲಿಲ್ಲ. ಕೆಲಸ ಸಿಕ್ಕ ಖುಷಿಯಲ್ಲಿ ಯಾರಾದರೂ ಕಾಲಿಗೆ ಬೀಳಲು ಬಗ್ಗಿದರೆ ಹಿಂದಕ್ಕೆ ಸರಿದು, "ಏಳವ್ವ, ಸೊಂಟ ಉಳುಕೀತು" ಎಂದು ರೇಗುತ್ತಿದ್ದರು. ಎತ್ತರದ ಆಳು. ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಗಾಜಿನ ಕನ್ನಡಕ. ಮಧ್ಯಾಹ್ನ ಊಟವಾದ ಮೇಲೆ ಉಪ್ಪು ಖಾರ ಹಚ್ಚಿದ ಸೀಬೆಕಾಯಿ ತಿನ್ನುವಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಇಂಥವರ ಬಗ್ಗೆ ಬರೆಯಲು ಕೂತರೆ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ಅವರನ್ನು ಮೊದಲು ಕಂಡ ದಿನದಿಂದಲೇ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಣಸೂರಿನ ಹೊರಗೆ ಸಿದ್ಧ ಉಡುಪಿನ ಕಾರ್ಖಾನೆಯೊಂದು ಹೊಸದಾಗಿ ಶುರುವಾಗಿತ್ತು. ಅದನ್ನು ನಾವೆಲ್ಲ ಗಾರ್ಮೆಂಟ್ಸ್ ಎನ್ನುತ್ತಿದ್ದೆವು. ನಾನು ಬಿಳಿಕೆರೆಯವಳು. ಬಿ.ಕಾಂ. ಮುಗಿಸಿ ಮೈಸೂರಿನ ಕಂಪನಿಗಳಿಗೆ ಇಂಟರ್‌ವ್ಯೂಗೆಂದು ಅಲೆದು ಅಲೆದು ಸಾಕಾಗಿತ್ತು. ಬೆಳಗ್ಗೆ ಬರಹೇಳಿ ಸಂಜೆ ಒಳಗೆ ಕರೆಯುತ್ತಿದ್ದರು. "ತಂದೆ ಏನ್ ಮಾಡ್ತಾರೆ? ಮದುವೆ ಯಾವಾಗ? ಮದುವೆ ಆದ್ಮೇಲೆ ಕೆಲಸ ಬಿಡ್ತೀರಾ?" ಎಂದು ಕೇಳಿ, "ಸರಿ, ತಿಳಿಸ್ತೀವಿ" ಎಂದು ಕಳಿಸುತ್ತಿದ್ದರು. ಆಮೇಲೆ ಯಾರೂ ಏನನ್ನೂ ತಿಳಿಸುತ್ತಿರಲಿಲ್ಲ. ನಮ್ಮಪ್ಪ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ರಸ್ತೆಗೆ ಹೋಗಿ ನಿಂತಿರುತ್ತಿದ್ದರು. ಬರಿಗೈಯಲ್ಲಿ ಒಳಗೆ ಬಂದು, "ಬಿಸ್ಲು ಜೋರಾಗದೆ" ಎನ್ನುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಗುಮಾಸ್ತೆಯ ಕೆಲಸವಿದೆ ಎಂದು ಕೇಳಿ ಹೋದೆ. ಜಗಲಿಯ ತುಂಬ ಜನ. ಕೆಲವರು ನನ್ನಂತೆ ಆಫೀಸಿನ ಕೆಲಸಕ್ಕೆ, ಮಿಕ್ಕವರು ಹೊಲಿಗೆಗೆ. ಮೇಡಂ ಹೊರಗೆ ಬಂದರು. ಹೆಸರು ಕೇಳಲಿಲ್ಲ, ಓದು ಕೇಳಲಿಲ್ಲ.

"ಯಾರ್‍ಯಾರಿಗೆ ಬಸ್ಸು ಎಷ್ಟೊತ್ತಿಗೆ? ಕೋಟೆ ಕಡೆಯೋರು ಮೊದ್ಲು ಕೈ ಎತ್ತಿ."

ಅವರು ಒಳಗೆ ಕರೆಯುತ್ತಿದ್ದದ್ದು ಆ ಕ್ರಮದಲ್ಲಿ. ಎಚ್.ಡಿ. ಕೋಟೆ ದಾಟಿ ಕಾಡಂಚಿನ ಹಾಡಿಗಳಿಂದ, ಬುಡಕಟ್ಟಿನವರ ಆ ಪುಟ್ಟ ಊರುಗಳಿಂದ ಬಂದವರು ಮೊದಲು, ಆಮೇಲೆ ಪಿರಿಯಾಪಟ್ಟಣದ ಹಳ್ಳಿಗಳವರು, ಆಮೇಲೆ ಭೇರ್ಯ, ಕೆ.ಆರ್. ನಗರ. ಹುಣಸೂರಿನವರು, ಬಿಳಿಕೆರೆಯವರು ಕಡೆಗೆ. ಶಿಫಾರಸು ತಂದವರೂ ತಮ್ಮ ಬಸ್ಸಿನ ಸರದಿಗೇ ಕಾಯಬೇಕಿತ್ತು. ನನ್ನ ಸರದಿ ಬಂದಾಗ ಅವರು ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಳ್ಳುತ್ತಿದ್ದರು. ಒಂದು ಲೆಕ್ಕ ಕೊಟ್ಟು ಮಾಡಿಸಿದರು. ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್ ಬರೆಸಿದರು. ಮದುವೆಯ ಮಾತೇ ಎತ್ತಲಿಲ್ಲ.

"ಇಂಗ್ಲಿಷು ಸಾಲ್ದು. ಲೆಕ್ಕ ಚೆನ್ನಾಗಿದೆ. ಸೋಮವಾರದಿಂದ ಬಾ" ಎಂದರು.

ನನಗೆ ನಂಬಿಕೆಯಾಗಲಿಲ್ಲ. "ತಿಳಿಸ್ತೀರಾ ಮೇಡಂ?" ಎಂದೆ.

"ಈಗ ತಿಳಿಸ್ದೆನಲ್ಲ ಕಣೇ. ಇನ್ನೇನು ಡಂಗುರ ಹೊಡಿಸ್ಬೇಕಾ?"

ಹೀಗೆ ನಾನು ಅವರ ಕೋಣೆಯ ಇನ್ನೊಂದು ಮೂಲೆಯ ಮೇಜಿಗೆ ಬಂದೆ. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವುದು, ಅವರ ಹಾಜರಿ, ರಜೆ, ಜಗಳ ನೋಡುವುದು ಮೇಡಂ ಕೆಲಸ. ನಾನು ಅವರ ಸಹಾಯಕಿ.

ಬಂದವರಲ್ಲಿ ಹೆಚ್ಚಿನವರಿಗೆ 'ಇಲ್ಲ' ಎಂದೇ ಹೇಳಬೇಕಾಗುತ್ತಿತ್ತು. ಆ ಮಾತನ್ನು ಮೇಡಂ ಅವತ್ತೇ, ಎದುರಿಗೇ ಹೇಳುತ್ತಿದ್ದರು. ಹೇಳುವಾಗ ಎದ್ದು ನಿಲ್ಲುತ್ತಿದ್ದರು. ಯಾಕೆ ಇಲ್ಲ ಎಂಬುದನ್ನೂ ಹೇಳಿ, ಜಗಲಿಯ ಮೆಟ್ಟಿಲ ತನಕ ಜೊತೆಗೆ ನಡೆದು ಹೋಗುತ್ತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಒಂದು ಸಲ ಪಿರಿಯಾಪಟ್ಟಣದ ಕಡೆಯ ಹುಡುಗಿಯೊಬ್ಬಳ ತಂದೆ, "ನಮ್ ಮಗು ಏನ್ ಕುರುಡಾ, ಕುಂಟಾ? ಯಾಕ್ ಆಗಲ್ಲ?" ಎಂದು ಕೂಗಾಡಿದ. ಮೇಡಂ ಪೂರ್ತಿ ಕೇಳಿಸಿಕೊಂಡರು. "ಆಗಲ್ಲ ಅಂತ ಅಂದಿಲ್ಲ ಯಜಮಾನ್ರೇ. ಇವತ್ತಿಗೆ ಆಗಲ್ಲ ಅಂದೆ. ಮಿಷನ್ ಕಲ್ತು ಬರ್ಲಿ" ಎಂದರು. ಆತ ಹೋದ ಮೇಲೆ ಒಂದು ಲೋಟ ನೀರು ಕುಡಿದು ಮುಂದಿನವಳನ್ನು ಕರೆದರು.

ಹೊಗೆಸೊಪ್ಪು ಕೀಳುವ ಕಾಲದಲ್ಲಿ ಬರುತ್ತಿದ್ದ ಹುಡುಗಿಯರ ಬೆರಳೆಲ್ಲ ಕಪ್ಪಗೆ ಅಂಟು ಹತ್ತಿರುತ್ತಿತ್ತು. ಅವರು ಕೈಯನ್ನು ಸೆರಗಿನೊಳಗೆ, ದುಪಟ್ಟಾದೊಳಗೆ ಮುಚ್ಚಿಕೊಂಡು ಕೂರುತ್ತಿದ್ದರು. ಮೇಡಂ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೊಟ್ಟು ನಲ್ಲಿ ತೋರಿಸುತ್ತಿದ್ದರು. "ತೊಳ್ಕೊಂಡು ಬಾ. ಬಿಳೀ ಬಟ್ಟೆ ಮೇಲೆ ಕರೆ ಆದ್ರೆ ನಿಂಗೂ ಬೈಗಳ, ನಂಗೂ ಬೈಗಳ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸಮಾಧಾನದ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಅವರೂ ಎಡವಿದ್ದುಂಟು. ಬೊಮ್ಮಿ ಎಂಬ ಹುಡುಗಿಯ ವಿಷಯದಲ್ಲಿ.

ಬೊಮ್ಮಿ ಎಚ್.ಡಿ. ಕೋಟೆಯ ಆಚೆಯ ಒಂದು ಹಾಡಿಯವಳು. ಕೋಟೆಯಲ್ಲಿ ಹೊಲಿಗೆ ತರಬೇತಿ ಮುಗಿಸಿ ಬಂದಿದ್ದಳು. ಹೊಲಿಗೆಗೆ ಬಂದವರಿಗೆ ನಮ್ಮಲ್ಲಿ ಒಂದೇ ಪರೀಕ್ಷೆ. ಚೂರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡುವುದು, ಅದರ ಮೇಲೆ ಮಿಷನ್ ಓಡಿಸಬೇಕು. ಬೊಮ್ಮಿಯ ಕೈ ಎಷ್ಟು ನಡುಗಿತೆಂದರೆ ಹೊಲಿಗೆ ಹಾವು ಹರಿದಂತೆ ಹೋಯಿತು. ಮೇಡಂ ಎದ್ದು ನಿಂತು, "ಕೈ ಕೂತಿಲ್ಲ, ಆಗಲ್ಲ ಕಣವ್ವ" ಎಂದರು. ಅವಳು ಆ ಚೂರು ಬಟ್ಟೆಯನ್ನು ಮಡಿಸಿ ಮಿಷನ್ ಮೇಲಿಟ್ಟು ಹೋದಳು.

ಮಧ್ಯಾಹ್ನ ಕ್ಯಾಂಟೀನಿನ ಅಡುಗೆಯ ಅಜ್ಜಿ ಒಳಗೆ ಬಂದು ನಿಂತರು.

"ಆ ಹಾಡಿ ಮಗ ನೆನ್ನೆ ಸಂಜೆಯಿಂದ ಏನೂ ತಿಂದಿಲ್ವಂತೆ ಕಣ್ ಮೇಡಂ. ಕತ್ಲಲ್ಲೇ ಎದ್ದು ರೋಡಿನಗಂಟ ನಡ್ಕೊಂಡ್ ಬಂದು ಬಸ್ ಅತ್ತಿದ್ದಂತೆ. ನಲ್ಲೀಲಿ ನೀರ್ ಕುಡಿತಿದ್ಲು, ಕೇಳ್ದೆ. ಕೈ ನಡುಗ್ದೆ ಇನ್ನೇನಾದದು?"

ಮೇಡಂ ಚಪ್ಪಲಿಗಾಗಿ ಮೇಜಿನ ಕೆಳಗೆ ಕಾಲಾಡಿಸಿದರು. ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಗೆ ಹೊರಟರು. ಅವರು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಕೋಟೆ ಬಸ್ಸು ಹೋಗಿಯಾಗಿತ್ತು.

ಭಾನುವಾರ ಬೆಳಗ್ಗೆ ಮೇಡಂ ನಮ್ಮ ಮನೆಯ ಮುಂದೆ ಬಂದು ನಿಂತರು. "ಬತ್ತೀಯಾ? ಕೋಟೆಗೆ ಹೋಗ್ಬೇಕು. ಒಬ್ಳೇ ಹೋದ್ರೆ ದಾರಿ ತಪ್ತೀನಿ" ಎಂದರು. ಬಸ್ಸಿಳಿದು, ಕೇಳಿ ಕೇಳಿ, ರಾಗಿ ಹೊಲಗಳ ನಡುವಿನ ದಾರಿಯಲ್ಲಿ ನಡೆದು ಹಾಡಿ ಸೇರಿದಾಗ ಬಿಸಿಲು ಏರಿತ್ತು. ಬೊಮ್ಮಿ ನಮ್ಮನ್ನು ಕಂಡವಳೇ ಬಾಗಿಲ ಹಿಂದೆ ಸರಿದಳು. ಅವಳ ತಾಯಿ ಹೊರಗೆ ಬಂದು ಒಂದು ಚಾಪೆ ಹಾಸಿದಳು.

"ಆಗಕಿಲ್ಲ ಅಂದು ಕಳಿಸುದ್ರಲ್ಲ, ಈಗ್ಯಾಕ್ ಬಂದ್ರಿ?" ಎಂದು ಕೇಳಿದಳು.

ಮೇಡಂ ಚಾಪೆಯ ಮೇಲೆ ಕೂತರು. "ತಪ್ಪಾಗಿ ಅಂದೆ. ಹೊಲಿಗೆ ಬರ್ದೆ ಅವಳ ಕೈ ನಡುಗ್ಲಿಲ್ಲ, ಹಸಿವಿಗೆ ನಡುಗ್ತು. ತಿಂದಿದೀಯಾ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ."

"ಇನ್ನೊಂದ್ ದಪ ಬಂದು ಇನ್ನೊಂದ್ ದಪ ಇಲ್ಲ ಅನ್ನುಸ್ಕೊಳಾದಾ?"

"ನೋಡವ್ವ, ಕೆಲ್ಸ ಕೊಡ್ತೀನಿ ಅಂತ ಮಾತು ಕೊಡಕ್ಕೆ ಬಂದಿಲ್ಲ. ಹೊಟ್ಟೆ ತುಂಬ ತಿಂದ್ಮೇಲೆ ಇನ್ನೊಂದು ಸಲ ನೋಡ್ತೀನಿ ಅಂತ ಹೇಳಕ್ಕೆ ಬಂದೆ. ಆಗ್ಲೂ ಸರಿ ಬರ್ಲಿಲ್ಲ ಅಂದ್ರೆ ಆಗ್ಲೂ ಇಲ್ಲ ಅಂತೀನಿ."

ಆ ತಾಯಿ ಮೇಡಂ ಮುಖ ನೋಡಿ ನಕ್ಕುಬಿಟ್ಟಳು. "ಇಷ್ಟು ದೂರ ಬಂದೂ ಉಸಾರಾಗೇ ಮಾತಾಡ್ತೀರ ಕಣಕ್ಕ" ಎಂದಳು. ಬಾಗಿಲ ಹಿಂದಿನಿಂದ ಬೊಮ್ಮಿಯ ನಗುವೂ ಕೇಳಿಸಿತು.

ಹಿಂತಿರುಗುವ ಬಸ್ಸಿನಲ್ಲಿ ಮೇಡಂ ತಮ್ಮ ವಿಷಯ ಹೇಳಿದ್ದು. ಅದೊಂದೇ ಸಲ. ಅವರು ಡಿಗ್ರಿ ಮುಗಿಸಿದ ಹೊಸತರಲ್ಲಿ ಮೈಸೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಮಾಡಿದವರು, "ನಿಮಗೇ ಅಂತ ಇಟ್ಕೊಳ್ಳಿ, ತಿಳಿಸ್ತೀವಿ" ಎಂದಿದ್ದರಂತೆ. ಅದೇ ಹೊತ್ತಿಗೆ ಭೇರ್ಯದ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಇವರಿಗೂ ಒಪ್ಪಿಗೆ. ಕೆಲಸದ ವಿಷಯ ಗೊತ್ತಾಗಲಿ, ಆಮೇಲೆ ಮದುವೆ ಎಂದು ಇವರೇ ಕಾಯಿಸಿದರು. ಮಳೆಗಾಲ ಕಳೆಯಿತು, ಬೇಸಿಗೆ ಕಳೆಯಿತು. ಕಂಪನಿಯಿಂದ ಸುದ್ದಿ ಬರಲಿಲ್ಲ. ಹುಡುಗನ ಕಡೆಯವರು ಬೇರೆ ಕಡೆ ನೋಡಿಕೊಂಡರು.

"ಇಲ್ಲ ಅಂತ ಒಂದು ಮಾತು ಅಂದಿದ್ರೆ ನನ್ ದಾರಿ ನಾನು ನೋಡ್ಕೊತಿದ್ದೆ ಕಣೇ" ಎಂದರು. ದುಃಖದಿಂದ ಹೇಳಿದರು ಎಂದರೆ ಸುಳ್ಳಾಗುತ್ತದೆ. ಹೇಳಿ ಕಿಟಕಿಯ ಕಡೆ ತಿರುಗಿದರು.

ಬೊಮ್ಮಿ ಮುಂದಿನ ವಾರ ಬಂದಳು, ಗೆರೆಯ ಮೇಲೆ ನೇರ ಹೊಲಿದಳು, ಕೆಲಸಕ್ಕೆ ಸೇರಿದಳು. ಅವತ್ತಿನಿಂದ ಪರೀಕ್ಷೆಗೆ ಮೊದಲು ಎಲ್ಲರಿಗೂ ಉಪ್ಪಿಟ್ಟು, ಟೀ ಕೊಡಬೇಕೆಂದು ಮೇಡಂ ಕ್ಯಾಂಟೀನಿಗೆ ಹೇಳಿದರು. ಅದರ ಖರ್ಚಿಗಾಗಿ ಮ್ಯಾನೇಜರ ಹತ್ತಿರ ಬಹಳ ದಿನ ಜಗಳವಾಡಿದರು. ಹಾಗೆಂದು ಬೊಮ್ಮಿಗೆ ವಿಶೇಷ ರಿಯಾಯಿತಿಯೇನೂ ಇರಲಿಲ್ಲ. ಮಳೆಗಾಲದಲ್ಲಿ ಅವಳು ಹೇಳದೆ ಕೇಳದೆ ರಜೆ ಹಾಕಿದಾಗ ಎಲ್ಲರೆದುರೇ ಬೈದರು. ಅವಳೂ ಎದುರು ಮಾತಾಡಿದಳು. ಆದರೆ ಕೆಲವೇ ವರ್ಷಗಳಲ್ಲಿ ಕಾಲರ್ ಕೂರಿಸುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ.

ಆಮೇಲೆ ಸೂಪರ್‌ವೈಸರ್ ಕೆಲಸದ ವಿಷಯ ಬಂತು. ಹೊಲಿಗೆಯ ಸಾಲೊಂದಕ್ಕೆ ಮೇಲ್ವಿಚಾರಕರು ಬೇಕಾಗಿತ್ತು. ಒಳಗಿನವರೂ ಬರಬಹುದು, ಹೊರಗಿನವರೂ ಬರಬಹುದು ಎಂದು ಕಂಪನಿ ಹೇಳಿತ್ತು. ಬೊಮ್ಮಿಯೂ ಹೆಸರು ಕೊಟ್ಟಿದ್ದಳು. ಇಂಟರ್‌ವ್ಯೂ ದಿನ ಜಗಲಿ ತುಂಬಿತ್ತು. ಮೇಡಂ ಬಸ್ಸಿನ ಹೊತ್ತು ವಿಚಾರಿಸಿ ಇನ್ನೇನು ಮೊದಲನೆಯವರನ್ನು ಕರೆಯಬೇಕು, ಮ್ಯಾನೇಜರು ಬಂದು ಬಾಗಿಲು ಮುಂದೆ ಮಾಡಿಕೊಂಡರು. ನಾನು ನನ್ನ ಮೂಲೆಯಲ್ಲೇ ಇದ್ದೆ.

"ಮೇಡಂ, ಹೆಡ್ ಆಫೀಸಿಂದ ಫೋನ್ ಬಂದಿತ್ತು. ಆ ಪೋಸ್ಟಿಗೆ ಅವರೇ ಒಬ್ಬರನ್ನ ಮಾಡಿದಾರೆ. ದೊಡ್ಡವರ ಕಡೆಯವರು. ನೀವು ಸುಮ್ನೆ ಎಲ್ಲರನ್ನೂ ಒಂದೊಂದು ಪ್ರಶ್ನೆ ಕೇಳಿ ಕಳಿಸ್ಬಿಡಿ."

ಮೇಡಂ ಕನ್ನಡಕ ತೆಗೆದರು. "ಯಾಕೆ ಕೇಳ್ಬೇಕು?"

"ಇಂಟರ್‌ವ್ಯೂ ಆಯ್ತು ಅಂತ ಆಗ್ಬೇಕಲ್ಲ."

"ಇವರು ಕೂಲಿ ಬಿಟ್ಟು ಬಂದವ್ರೆ ಸಾರ್."

"ನಂಗೂ ಮಕ್ಕಳಿದಾರೆ ಮೇಡಂ" ಎಂದರು ಮ್ಯಾನೇಜರು. ಕೆಟ್ಟ ಮನುಷ್ಯರೇನಲ್ಲ ಅವರು. ಹಾಗೆ ಹೇಳುವಾಗ ಅವರ ಧ್ವನಿ ಕುಗ್ಗಿತ್ತು.

ಮೇಡಂ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ತೆಗೆದು ಜಗಲಿಗೆ ಹೋದರು.

"ನೋಡ್ರಪ್ಪ, ಈ ಕೆಲ್ಸ ಆಗ್ಲೇ ಒಬ್ರಿಗೆ ಆಗೋಗದೆ. ನಂಗೆ ಈಗ ತಾನೇ ಗೊತ್ತಾಯ್ತು. ನಿಮ್ಮನ್ನ ಒಳಗೆ ಕರ್ದು ಪ್ರಶ್ನೆ ಕೇಳಿದ್ರೆ ಅದು ನಾಟ್ಕ ಆಯ್ತದೆ. ನಾನು ಆಡಲ್ಲ. ಮನೆಗೆ ಹೋಗಿ."

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಭೇರ್ಯದ ಕಡೆಯಿಂದ ಬಂದ ಒಬ್ಬ ಗಂಡಸು ಅವರ ಮುಖದ ಹತ್ತಿರ ಬಂದು ಕೂಗಿದ. "ಮೊದ್ಲೇ ಹೇಳಕ್ಕೇನಾಗಿತ್ತು ನಿಮ್ಗೆ? ಎಲ್ಡು ಬಸ್ ಬದ್ಲಾಯ್ಸಿ ಬಂದಿವ್ನಿ. ಎಲ್ಲಾ ಒಂದೇ ಜಾತಿ ಕಣ್ರೀ ನೀವು." ಮೇಡಂ ಅಲ್ಲಾಡದೆ ನಿಂತಿದ್ದರು. ತಮಗೂ ಗೊತ್ತಿರಲಿಲ್ಲ ಎಂದು ಎರಡನೆಯ ಸಲ ಹೇಳಲಿಲ್ಲ. ಆತ ಸುಸ್ತಾಗಿ ನಿಲ್ಲಿಸಿದ ಮೇಲೆ ಬೊಮ್ಮಿ ಬಂದು ಮೇಡಂ ಕೈ ಹಿಡಿದುಕೊಂಡಳು. "ಬುಡಿ ಮೇಡಂ, ಒಳೀಕ್ ನಡೀರಿ" ಎಂದಳು. ಕೈಗೆ ಬರಬಹುದಾಗಿದ್ದ ಕೆಲಸ ಕಳೆದುಕೊಂಡವಳು ಅವಳು. ಸಮಾಧಾನ ಹೇಳಿದವಳೂ ಅವಳೇ.

ಆ ವಾರ ಮುಗಿಯುವುದರೊಳಗೆ ಮೇಡಂ ರಾಜೀನಾಮೆ ಕೊಡಬೇಕಾಯಿತು. ಅವರ ಕುರ್ಚಿ ನನಗೆ ಎಂದು ಮ್ಯಾನೇಜರು ಹೇಳಿದಾಗ ನನಗೆ ನಿದ್ದೆ ಬರಲಿಲ್ಲ. ಕೆ.ಆರ್. ನಗರದಲ್ಲಿ ತಮ್ಮನ ಮನೆಯಲ್ಲಿದ್ದ ಮೇಡಂ ಅವರನ್ನು ಕೇಳಲು ಹೋದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲೆಂದೇ ಆಸೆಪಟ್ಟಿದ್ದೆ.

"ತಗೋ. ನೀನು ಬೇಡ ಅಂದ್ರೆ ಕುರ್ಚಿ ಖಾಲಿ ಇರ್ತದಾ? ಇನ್ಯಾರೋ ಬಂದು ಕೂತ್ಕೋತಾರೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಂಗ್ಲಿಷು ಇನ್ನೂ ಸರಿ ಮಾಡ್ಕೊಂಡಿಲ್ಲ ನೀನು" ಎಂದರು.

ಐವತ್ತರ ಹತ್ತಿರದ ವಯಸ್ಸಿನಲ್ಲಿ ಮೇಡಂ ಮತ್ತೆ ಕೆಲಸ ಹುಡುಕಲು ಹೊರಟರು. ಮೈಸೂರಿನ ಒಂದು ಕಂಪನಿಗೆ ಹೋದಾಗ ನಾನೂ ರಜೆ ಹಾಕಿ ಜೊತೆಗಿದ್ದೆ. ಊಟದ ಹೊತ್ತು ಕಳೆದರೂ ಕರೆಯಲಿಲ್ಲ. ಮೇಡಂ ಕಾರಿಡಾರಿನ ಬೆಂಚಿನ ಮೇಲೆ, ಶಾಲೆಯ ಹುಡುಗಿಯಂತೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಒಳಗೆ ಇದ್ದವರು ಇಬ್ಬರು ಎಳೆಯ ಹುಡುಗರು. ಬಾಗಿಲು ಅರ್ಧ ತೆರೆದಿದ್ದರಿಂದ ಹೊರಗೆ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು.

"ಹಳೇ ಕೆಲಸ ಯಾಕೆ ಬಿಟ್ರಿ?"

ಮೇಡಂ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಒಳಗೆ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಒಬ್ಬ, "ಸರಿ ಮೇಡಂ, ನಾವು ತಿಳಿಸ್ತೀವಿ" ಎಂದ.

"ಈಗ್ಲೇ ಹೇಳಿ ಪರವಾಗಿಲ್ಲ" ಎಂದರು ಮೇಡಂ. "ನಿಮಗೆ ಗೊತ್ತಾಗಿದೆ, ನಂಗೂ ಗೊತ್ತಾಗಿದೆ. ಬಾಯ್ಬಿಟ್ಟು ಹೇಳಿಬಿಡಿ."

ಆ ಹುಡುಗ, "ಇಲ್ಲ ಮೇಡಂ, ಆಗೋದಿಲ್ಲ. ಸಾರಿ" ಎಂದ. ಮೇಡಂ ಕೈ ಮುಗಿದು ಹೊರಗೆ ಬಂದರು. ಮೆಟ್ಟಿಲಿಳಿಯುತ್ತ, "ಪುಣ್ಯಾತ್ಮ, ಹೇಳ್ದ" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಾನು ಅಳುವುದನ್ನು ನೋಡಿ, "ನಿಂಗೇನಾಯ್ತೇ? ಕೆಲ್ಸ ತಪ್ಪಿದ್ದು ನಂಗೆ" ಎಂದು ಗದರಿದರು.

ಕಡೆಗೆ ಪಿರಿಯಾಪಟ್ಟಣದಲ್ಲಿ ಹುಡುಗಿಯರ ಹಾಸ್ಟೆಲೊಂದರ ವಾರ್ಡನ್ ಆದರು. ಸಂಬಳ ಕಡಿಮೆ, ಗಲಾಟೆ ಹೆಚ್ಚು. ಅಲ್ಲಿಯೂ ಯಾರನ್ನೂ ಮುದ್ದು ಮಾಡಲಿಲ್ಲ. ಹುಡುಗಿಯರು ಅವರಿಗೆ ಹೆದರುತ್ತಿದ್ದರು. ಬೊಮ್ಮಿ ಕೆಲವು ವರ್ಷಗಳ ಮೇಲೆ ಕಾರ್ಖಾನೆ ಬಿಟ್ಟು, ಕೋಟೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯತೊಡಗಿದಳು. ಅವಳು ಸೂಪರ್‌ವೈಸರ್ ಆಗಲೇ ಇಲ್ಲ. ನಾನು ಕುರ್ಚಿಯಲ್ಲಿದ್ದೂ ಅದನ್ನು ಸರಿಪಡಿಸಲು ಆಗಲಿಲ್ಲ. ಮೇಡಂಗೆ ಮೂತ್ರಪಿಂಡದ ಕಾಯಿಲೆ ಬಂತು. ಹಾಸ್ಟೆಲು ಬಿಟ್ಟು ತಮ್ಮನ ಮನೆಗೆ ಬಂದರು. ನಾನು ಹೋದಾಗಲೆಲ್ಲ, "ಈ ಸಲ ಯಾರ್‍ಯಾರ್ನ ತಗೊಂಡೆ?" ಎಂದು ಕೇಳುತ್ತಿದ್ದರು. ತಮ್ಮ ಕಾಯಿಲೆಯ ಮಾತು ತೆಗೆದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ಅವರು ಹೋದ ದಿನ ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಇತ್ತು. ಬೆಳಗ್ಗೆ ಅವರ ತಮ್ಮ ಫೋನ್ ಮಾಡಿ, "ಅಕ್ಕ ಹೋಗ್ಬುಟ್ರು" ಎಂದರು. ಗಾಜಿನ ಆಚೆ ಜಗಲಿ ತುಂಬ ಹುಡುಗಿಯರು ಕೂತಿದ್ದರು. ಕೆಲವರು ಮೊದಲ ಬಸ್ಸಿಗೇ ಬಂದವರು. ಇನ್ನೊಂದು ದಿನ ಬನ್ನಿ ಎನ್ನಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು ಎರಡು ಮೂರು ಸಲ ಹಾಗೆಯೇ ಹೇಳಲು ಹೊರಟೆ, ಬಾಯಿ ಬರಲಿಲ್ಲ. ಕೋಟೆ ಕಡೆಯವರು ಯಾರು ಎಂದು ಕೇಳಿ ಒಳಗೆ ಕರೆದೆ.

ಅಳಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ನಡುವೆ ಬಂದ ಸಣಕಲು ಹುಡುಗಿಯೊಬ್ಬಳು ಮಿಷನ್ ಮುಂದೆ ಕೂರುವ ಬದಲು ನನ್ನನ್ನೇ ನೋಡುತ್ತ ನಿಂತಳು.

"ಮೇಡಂ, ನೀವ್ ಅಳ್ತಿದೀರಾ?"

"ನಮ್ಮವರೊಬ್ರು ತೀರ್ಕೊಂಡ್ರು."

ಅವಳು ಮೂಲೆಯಲ್ಲಿದ್ದ ಹೂಜಿಯಿಂದ ನೀರು ಬಗ್ಗಿಸಿ ತಂದುಕೊಟ್ಟಳು. "ಹೋಗ್ಬನ್ನಿ ಮೇಡಂ. ನಾವು ಇನ್ನೊಂದಿನ ಬತ್ತೀವಿ."

"ಬಂದಿದೀರಲ್ಲವ್ವ" ಎಂದೆ. ನೀರು ಕುಡಿದು ಅವಳಿಗೆ ಗೆರೆ ಎಳೆದ ಬಟ್ಟೆ ಕೊಟ್ಟೆ.

ಎಲ್ಲರದ್ದೂ ಮುಗಿಸಿ, ಬಿಳಿಕೆರೆಯಲ್ಲಿ ಬಸ್ಸು ಬದಲಾಯಿಸಿ ಕೆ.ಆರ್. ನಗರ ಮುಟ್ಟಿದಾಗ ಬೆಳಕು ಹೋಗುತ್ತಿತ್ತು. ಮನೆಯ ಮುಂದೆ ಅಂಗಳ ತೊಳೆದಿದ್ದರು. ನಡುಮನೆಯಲ್ಲಿ ದೀಪ ಹಚ್ಚಿಟ್ಟಿದ್ದರು. ಅವರ ತಮ್ಮ, ಒದ್ದೆ ತಲೆಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು.

"ನಿಮಗೋಸ್ಕರ ಕಾದ್ವಿ" ಎಂದರು. "ಹೊತ್ತು ಮುಳುಗದ್ರೊಳಗೆ ಆಗ್ಬೇಕು ಅಂದ್ರು. ಅದುಕ್ಕೇ ಎತ್ತುದ್ವಿ."

"ಇಂಟರ್‌ವ್ಯೂ ಇತ್ತು" ಎಂದೆ. ಮೇಡಂ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ ಎಂಬುದು ಆ ದೀಪದ ಮುಂದೆ ಕೂತಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಆ ಸಂಕಟ ಇವತ್ತಿಗೂ ಹಾಗೆಯೇ ಇದೆ. ತುಂಬ ಹೊತ್ತು ಅತ್ತೆ. ಅವರ ತಮ್ಮ ತಡೆಯಲಿಲ್ಲ.

ಅಳು ನಿಂತ ಮೇಲೆ, ಯಾಕೋ ಆ ನೀರು ಕೊಟ್ಟ ಹುಡುಗಿಯ ವಿಷಯ ಅವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ತಗೊಂಡ್ರಾ ಆ ಮಗೂನ?" ಎಂದರು.

"ಇಲ್ಲ. ಕೈ ಇನ್ನೂ ಕೂತಿಲ್ಲ. ಮೆಟ್ಲು ತನಕ ಹೋಗಿ, ಹಾಗಂತ ಹೇಳಿ ಕಳಿಸ್ದೆ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಅಕ್ಕ ಇದ್ದಿದ್ರೂ ತಗೊತಿರ್ಲಿಲ್ಲ" ಎಂದರು.